ಬೋಳು ಕುತ್ತಿಗೆಯ ಕೋಳಿ

ಬುಟ್ಟಿ ಮಗುಚಿದ್ದೇ ನೆಪ. ಮೂರು ತಿಂಗಳಿಂದ ಮಲಕವ್ವ ಮರೆಮಾಡಿ ಸಾಕಿದ್ದ ಕೋಳಿ ಭೂತನಾಳದ ಓಣಿಗೆ ಇಳಿದುಬಿಟ್ಟಿತು. ಎದುರುಮನೆಯ ಗುರುಸಿದ್ದವ್ವ ಕಸಬರಿಗೆ ಕೈಬಿಟ್ಟಳು.

"ಅಯ್ಯ ನಮ್ಮವ್ವಾ! ಇದರ ಕುತಗಿ ಪುಕ್ಕ ಎಲ್ಲಿ ಹೋದುವು?"

"ಹುಟ್ಟಿದ್ದ ಹಂಗ ಐತಿ ಬೇ."

"ಹುಟ್ಟಿದ್ದಂತ! ಹಕ್ಕಿಜ್ವರ ಇದು. ಸರಕಾರದ ಬಿಳಿ ಅಂಗಿಯವರಿಗೆ ಸುದ್ದಿ ಮುಟ್ಟಿತಂದ್ರ ನಿನ್ನ ಹನ್ನೆರಡೂ ಕೋಳಿ ಚೀಲದಾಗ ತುಂಬಿ ಹುಗೀತಾರ!"

ಮಲಕವ್ವನ ಎದೆಯೊಳಗೆ ಒನಕೆ ಏಳತೊಡಗಿತು, ಬೀಳತೊಡಗಿತು. ಹೊಲ ಗಂಡನದು. ಮನೆ, ಬಬಲೇಶ್ವರದ ಕಿರಿಮಗನ ಹತ್ತಿರ ಇರುವ ಅತ್ತೆಯದು. ತವರು ತಿಕೋಟಾದಿಂದ ಸೆರಗಿನಲ್ಲಿ ಕಟ್ಟಿ ತಂದ ತತ್ತಿಗಳು ಒಡೆದು ಬಂದ ಈ ಹನ್ನೆರಡು ಜೀವಗಳಷ್ಟೇ ಅವಳವು.

ಕೋಳಿ ಹಿಡಿದು ಬುಟ್ಟಿಗೆ ಹಾಕಿ, ಮೇಲೆ ಅರಿವೆ ಮುಚ್ಚಿ, ರೋಗ ಹೌದೋ ಅಲ್ಲವೋ ತಾನೇ ಮೊದಲು ಕೇಳಿಬಿಡೋಣವೆಂದು ದನದ ದವಾಖಾನೆಯತ್ತ ಹೊರಟ ಟಂಟಂ ಆಟೋ ಹತ್ತಿದಳು.

"ಬುಟ್ಟ್ಯಾಗ ಏನೈತಿ ಯಕ್ಕಾ?" ಪಕ್ಕದಲ್ಲಿ ಕೂತ ಕರೆಪ್ಪ ಕೇಳಿದ.

"ಬದನಿಕಾಯಿ."

ಬದನೆಕಾಯಿ "ಕೊಕ್" ಎಂದಿತು. ಕರೆಪ್ಪ ಅರಿವೆ ಎತ್ತಿದ. ಕೆಂಪು ಬೋಳು ಕುತ್ತಿಗೆಯೊಂದು ಹೊರಬಂದು ಎಲ್ಲರನ್ನೂ ಒಮ್ಮೆ ನೋಡಿತು.

"ಯಪ್ಪಾ! ಇದರ ಗಾಳಿ ತಾಕಿದ್ರ ಮನಶ್ಯಾರ ಕೂದಲಾನೂ ಉದರತಾವಂತ!"

ಚಾಲಕ ತನ್ನ ಬಕ್ಕತಲೆ ಮುಟ್ಟಿಕೊಂಡು ಗಾಡಿ ನಿಲ್ಲಿಸಿಯೇಬಿಟ್ಟ. ಉಳಿದ ದಾರಿಯನ್ನು ಮಲಕವ್ವ ಸುಡುಬಿಸಿಲಲ್ಲಿ ನಡೆದಳು. ಎದುರು ಬಿಳಿ ಅಂಗಿ ಕಂಡಾಗಲೆಲ್ಲ ಬುಟ್ಟಿಯನ್ನು ಸೆರಗಿನಡಿ ಮುಚ್ಚಿಕೊಂಡಳು. ಹಾಲು ಮಾರುವವನನ್ನು ಕಂಡೂ ಒಮ್ಮೆ ಗೋಡೆಯ ಮರೆಗೆ ಅವಿತಳು.

ದನದ ಡಾಕ್ಟರು ವಿದ್ಯಾವತಿ ಕೋಳಿಯ ಕುತ್ತಿಗೆ ತಿರುಗಿಸಿ ನೋಡಿದರು.

"ಕೊಲ್ತೀರೇನ್ರಿ?" ಮಲಕವ್ವ ಬುಟ್ಟಿಯ ಅಂಚು ಬಿಡದೆ ಕೇಳಿದಳು.

"ಕೊಲ್ಲೂದ್ಯಾಕ? ರೋಗ ಇಲ್ಲ ಏನಿಲ್ಲ. ಯಾವದೋ ಕಾಲದಾಗ ಒಂದು ಕೋಳಿಯ ಜೀನ್‌ನ್ಯಾಗ ಸುಮ್ಮನ ಒಂದು ತಪ್ಪಾತು, ಕುತಗಿಗೆ ಪುಕ್ಕ ಬರಲಿಲ್ಲ. ಥಂಡಿ ಸೀಮ್ಯಾಗ ಸಾಯತಿತ್ತು. ನಮ್ಮ ಬಿಸಲಾಗ ಅದಽ ತಪ್ಪು ವರ ಆಗೇತಿ. ಪುಕ್ಕದವು ತೇಕತಾವ, ಇದು ತಂಪಾಗಿರತೈತಿ. ಇದರ ಮರಿ ಹೆಚ್ಚು ಉಳೀತಾವ, ಮರಿಯ ಮರಿ ಇನ್ನೂ ಹೆಚ್ಚು. ಮುಂದೊಂದಿನ ನಿಮ್ಮೂರ ಕೋಳಿ ಎಲ್ಲಾ ಬೋಳ ಕುತಗೀವಽ ಆದಾವು."

"ಖರೇನ್ರಿ?"

"ನಡುವ ಬೆಕ್ಕು ಒಯ್ಲಿಲ್ಲಂದ್ರ. ಬಿಸಲು ತಡದ್ರಷ್ಟ ಸಾಲಂಗಿಲ್ಲ ಅವ್ವಾ, ನಸೀಬೂ ಬೇಕು."

ಮಲಕವ್ವನಿಗೆ ಮರಳುವಾಗ ಬಿಸಿಲೇ ತಾಗಲಿಲ್ಲ. ಕೋಳಿಬುಟ್ಟಿಯನ್ನು ಅಡುಗೆಮನೆಯ ಬಾಗಿಲಲ್ಲಿ ಇಟ್ಟು, ಬೆಕ್ಕಿಗೆ ಸಿಗದಂತೆ ಮೇಲೊಂದು ಕಲ್ಲು ಹೇರಿ, ನೀರೂ ಕುಡಿಯದೆ ಗುರುಸಿದ್ದವ್ವನ ಮನೆಗೆ ನಡೆದಳು. ಅಲ್ಲಿಂದ ಮುಂದಿನ ಮನೆ, ಅಲ್ಲಿಂದ ಮುಂದಿನದು. ಮದುವೆಯಾಗಿ ಬಂದಾಗಿನಿಂದ ಓಣಿ ಅವಳ ಮಾತನ್ನು ಇಷ್ಟು ಹೊತ್ತು ಕೇಳಿರಲಿಲ್ಲ.

ಮರಳಿ ಹೊಸ್ತಿಲಿಗೆ ಬಂದಾಗ ಒಳಗಿನಿಂದ ಮಸಾಲೆಯ ವಾಸನೆ ಬಂತು. ಒನಕೆ ಮತ್ತೆ ಎದ್ದಿತು.

ಬಬಲೇಶ್ವರದಿಂದ ಹೇಳದೆ ಕೇಳದೆ ಬಂದಿಳಿದ ಅತ್ತೆ ಒಲೆಯ ಮುಂದೆ ಕೂತಿದ್ದಳು.

"ಅತ್ತೀ... ಯಾವ ಕೋಳಿ ಕೊಯ್ದ್ರಿ?"

"ಬುಟ್ಟ್ಯಾಗ ತಯಾರ ಮಾಡಿ ಇಟ್ಟಿದ್ದಿಯಲ್ಲ, ಅದನ್ನ." ಅತ್ತೆ ಸೌಟು ತಿರುವಿದಳು. "ಅಡಗಿ ನಾ ಮಾಡೇನಿ, ಅದಿರಲಿ. ಆದರ ಜೀವ ಇರೂಮುಂದಽ ಕುತಗಿ ಪುಕ್ಕ ಎಲ್ಲಾ ಕಿತ್ತೀಯಲ್ಲಽ ನಮ್ಮವ್ವಾ, ನಿನಗೇನು ಕರುಳು ಅನ್ನೂದು ಇಲ್ಲೇನು?"