ಮೆಟ್ಟಿಲಿಲ್ಲದ ಜೀಪು

ಜೀಪು ಮಾರುವ ಕೆಲಸದಲ್ಲಿ ಇಂಥ ಫಜೀತಿ ಆಗಾಗ ಆಗುತ್ತಲೇ ಇರುತ್ತದೆ. ಗಿರಾಕಿಗೆ ಬೇಕಾದದ್ದೆಲ್ಲ ಕಂಪನಿಯ ಹತ್ತಿರ ಇರುತ್ತದೆ, ಒಂದೇ ಜೀಪಿನಲ್ಲಿ ಮಾತ್ರ ಇರುವುದಿಲ್ಲ. ಅರವತ್ತರ ದಶಕದಲ್ಲಿ ನಾನು ಸಿದ್ದಾಪುರದ ಹತ್ತಿರ ಒಂದು ಷೋರೂಮಿನಲ್ಲಿ ಸೇಲ್ಸ್‌ಮನ್ ಆಗಿದ್ದೆ. ದಿನಕ್ಕೆ ಎಷ್ಟು ಸಲವೋ "ಅದು ತಗೊಂಡ್ರೆ ಇದು ಬರಲ್ಲ ಸಾರ್" ಎನ್ನುತ್ತಿದ್ದೆ. ಮನೆಯಲ್ಲಿ ಹೆಂಡತಿ ಹುಳಿಗೆ ಏನು ಹಾಕಲಿ ಎಂದು ಕೇಳಿದರೂ ಅದೇ ಮಾತು ಬಾಯಿಗೆ ಬರುತ್ತಿತ್ತು. ಆ ಮಾತನ್ನು ಕೊನೆಯವರೆಗೂ ಒಪ್ಪದೆ ಹೋದವರು ಯಡಿಯೂರಿನ ಒಬ್ಬ ಯಜಮಾನರು ಮತ್ತು ಅವರ ಮನೆಯವರು.

೧. ಹಲ್ಲು ನೋಡಿದ್ದು

ಯಜಮಾನರ ರಾಗಿ ಹೊಲದ ಮೇಲೆ ಆಗಷ್ಟೇ ಜಯನಗರದ ರಸ್ತೆಗಳು ಬಂದಿದ್ದವು. ಹೊಲ ಹೋದರೂ ಎತ್ತು ಕೊಳ್ಳುವ ಅಭ್ಯಾಸ ಹೋಗಿರಲಿಲ್ಲ. ಷೋರೂಮಿಗೆ ಬಂದವರೇ ಜೀಪನ್ನು ಒಂದು ಸುತ್ತು ಹಾಕಿದರು, ಬೆನ್ನು ತಟ್ಟಿದರು, ಎಲ್ಲಾದರೂ ಕೆಟ್ಟ ಸುಳಿ ಇದೆಯೇ ಎಂದು ಹುಡುಕಿದರು. ಆಮೇಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಎತ್ತಿನ ವಯಸ್ಸು ತಿಳಿಯಲು ಹಲ್ಲು ಮುಟ್ಟಿ ನೋಡುವವರಂತೆ ದೀಪಗಳ ನಡುವಿನ ಕಬ್ಬಿಣದ ಪಟ್ಟಿಗಳ ಮೇಲೆ ಬೆರಳಾಡಿಸಿದರು.

"ಹೊಸಾದು ಅಂತೀರಿ ಸ್ವಾಮಿ, ಹಲ್ಲೆಲ್ಲ ಪೂರ್ತಿ ಬಂದವೆ!"

ನಾನು ಗಾಬರಿಯಿಂದ ಇಲ್ಲ ಯಜಮಾನ್ರೇ, ಫ್ಯಾಕ್ಟರಿಯಿಂದಲೇ ಹಾಗೆ ಬರುತ್ತದೆ ಎಂದು ವಿವರಿಸತೊಡಗಿದೆ. ಅವರು ಮೀಸೆಯಲ್ಲೇ ನಗುತ್ತಿದ್ದದ್ದು ನನಗೆ ತಡವಾಗಿ ಕಂಡಿತು.

೨. ಟವಲಿನ ಕೆಳಗೆ

ಅವರಿಗೆ ಬೇಕಾದದ್ದು ಹೆಚ್ಚೇನಲ್ಲ. ಹೆಂಡತಿಯ ತವರು ಕನಕಪುರದ ಕಡೆ, ಅರ್ಕಾವತಿಯ ಮರಳು ದಾಟಿ ಆಚೆ. ಬಸ್ಸಿಲ್ಲ. ಮಂಡಿ ಹೋದ ಮೇಲೆ ಆಕೆಗೆ ಎತ್ತಿನ ಗಾಡಿಯ ಕುಲುಕಾಟ ತಡೆದುಕೊಳ್ಳಲಾಗುತ್ತಿರಲಿಲ್ಲ. ಕೆಲವು ವರ್ಷಗಳಿಂದ ಅಣ್ಣ ಗೌರಿ ಹಬ್ಬದ ಬಾಗಿನವನ್ನು ಯಾರ ಕೈಯಲ್ಲೋ ಕಳಿಸುತ್ತಿದ್ದ. ಈ ಹಬ್ಬಕ್ಕೆ ಆಕೆ ತಾನೇ ಹೋಗಿ ಅಣ್ಣನ ಕೈಯಿಂದ ಬಾಗಿನ ತಗೋಬೇಕು, ಅಷ್ಟೇ.

"ಮರಳಾಗೆ ಹೂತ್ಕಬಾರ್ದು. ಹತ್ತಕ್ಕೆ ಹಿಂದ್ಗಡೆ ಒಂದು ಮೆಟ್ಲು ಬೇಕು."

ಮರಳಲ್ಲಿ ಹೂತುಕೊಳ್ಳದಿರಲು ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಸಿಗುವ ಜೀಪು ಬೇಕು. ಅದಕ್ಕೆ ಮೆಟ್ಟಿಲು ಬರುವುದಿಲ್ಲ. ಮೆಟ್ಟಿಲು ಬರುವುದು ಎರಡು ಚಕ್ರದ ಬಲದ ಜೀಪಿಗೆ, ಅದೂ ಬೂದಿ ಬಣ್ಣದ್ದಕ್ಕೆ ಮಾತ್ರ. ನನ್ನ ಮಂತ್ರ ಹೇಳಿದೆ.

"ಅಂದ್ರೆ ಹತ್ತಿದ್ರೆ ದಾಟಂಗಿಲ್ಲ, ದಾಟಂಗಿದ್ರೆ ಹತ್ತಂಗಿಲ್ಲ. ಎತ್ತು ಕೊಂಡ್ರೆ ಮೂಗುದಾರ ಕೊಡಲ್ಲ ಅಂತ ಯಾವ ಸಂತೇಲಾದ್ರೂ ಅಂತಾರಾ?"

ಅವರನ್ನು ಮ್ಯಾನೇಜರ ಬಳಿಗೆ ಕರೆದುಕೊಂಡು ಹೋದೆ. ನಮ್ಮ ಮ್ಯಾನೇಜರು ಟೈ ಕಟ್ಟುವ ಗಂಭೀರ ಮನುಷ್ಯ. ಯಜಮಾನರು ಹೆಗಲ ಮೇಲಿನ ಟವಲನ್ನು ತೆಗೆದು ಅವರ ಬಲಗೈ ಮೇಲೆ ಹೊದಿಸಿ, ಒಳಗೆ ತಮ್ಮ ಕೈ ತೂರಿಸಿದರು. ದನದ ವ್ಯಾಪಾರ ಆಗುವುದೇ ಹಾಗೆ, ಟವಲಿನ ಕೆಳಗೆ ಬೆರಳಿಗೆ ಬೆರಳು ಮಾತಾಡುತ್ತದೆ. ಮ್ಯಾನೇಜರಿಗೆ ಕಚಗುಳಿ. ನಗು ತಡೆಯಲಾರದೆ ಕೈ ಕೊಸರಿದರು, ತಲೆಯನ್ನೂ ಆಡಿಸಿದರು. ಯಜಮಾನರು ತೃಪ್ತಿಯಿಂದ ಟವಲು ಕೊಡವಿಕೊಂಡು ಹೊರಟೇಹೋದರು.

ಮ್ಯಾನೇಜರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಕೂತಿದ್ದರು. "ಅವ್ರೇನು ಕೇಳಿದ್ರೋ ಗೊತ್ತಾಗ್ಲಿಲ್ಲ ಕಣಯ್ಯಾ. ಆದ್ರೆ ನಾನು ಒಪ್ಕೊಂಡ್ಬಿಟ್ಟೆ ಅನ್ಸುತ್ತೆ."

೩. ಮೂಟೆಯಲ್ಲ

ಮ್ಯಾನೇಜರು ಒಪ್ಪಿದರೇನು, ಕಂಪನಿ ಒಪ್ಪಲಿಲ್ಲ. ಮರಳೇ ಮುಖ್ಯವೆಂದು ನಾಲ್ಕು ಚಕ್ರದ್ದನ್ನೇ ತರಿಸಿದೆವು. ಯಜಮಾನತಿ ನೋಡಲು ಬಂದರು. ಸಣ್ಣ ಆಳು, ದೊಡ್ಡ ಕುಂಕುಮ, ಒಂದು ಕೈ ಸದಾ ಮಂಡಿಯ ಮೇಲೆ. ಜೀಪಿನ ಹಿಂಭಾಗ ಅವರ ಸೊಂಟಕ್ಕೆ ಬರುತ್ತಿತ್ತು.

ನಾನು ಒಂದು ಸ್ಟೂಲು ತಂದಿಟ್ಟೆ.

"ಇಂಥದ್ರ ಮೇಲೆ ನಿಂತ್ಕಂಡು ಉಪ್ಪಿನಕಾಯಿ ಜಾಡಿ ತೆಗೆಯಕ್ಕೋಗಿ ಬಿದ್ದಿದ್ದಕ್ಕೇ ಕಣಪ್ಪ ಈ ಮಂಡಿ ಹೋಗಿದ್ದು."

ವೆಲ್ಡಿಂಗ್ ಮಾಡಿಸಿ ಮೆಟ್ಟಿಲು ಹಾಕಿಸೋಣ ಎಂದೆ. ಪೂಜೆಗೆ ಮುಂಚೆ ಹೊಸ ಗಾಡಿಗೆ ಗಾಯ ಮಾಡಬಾರದೆಂದು ಯಜಮಾನರು ಅಡ್ಡ ಬಂದರು. ಗ್ಯಾರಂಟಿ ಹೋಗುತ್ತದೆಂದು ಮ್ಯಾನೇಜರು ಅಡ್ಡ ಬಂದರು. ಹಾಗಾದರೆ ಇಬ್ಬರು ಹಿಡಿದು ಎತ್ತಿ ಕೂರಿಸೋಣ ಎಂದೆ.

"ನಾನೇನು ರಾಗಿ ಮೂಟೆನಾ? ತವರಿಗೆ ನನ್ನ ಕಾಲ್ಮೇಲೇ ಹತ್ತಿ ಹೋಗ್ತೀನಿ. ಇಲ್ದಿದ್ರೆ ಹೋಗಾದೇ ಬ್ಯಾಡ."

ಹೇಳುವಾಗ ಗತ್ತಿತ್ತು, ಆದರೆ ಕಣ್ಣು ತುಂಬಿತ್ತು. ನನ್ನ ತಾಯಿಯ ನೆನಪಾಗಿ ಸಂಕಟವಾಯಿತು. ಯಜಮಾನರು ಜೀಪಿನ ಕಡೆ ತಿರುಗಿ ಅದಕ್ಕೇ ಗದರಿದರು. "ಎತ್ತಾದ್ರೆ ಮಂಡಿಯೂರಿ ಕೂರಾದು ಕಣಯ್ಯಾ. ನಿಂಗೇನು ಬಂದೈತೆ?"

೪. ಗಾಡಿಯನ್ನು ಮುಂದೆ ಕಳಿಸಿದ್ದು

ಹಬ್ಬ ಬಂತು. ಯಜಮಾನರಿಗೆ ಇನ್ನೂ ಡ್ರೈವಿಂಗ್ ಬರುತ್ತಿರಲಿಲ್ಲವಾದ್ದರಿಂದ ಗೌರಿ ಹಬ್ಬದ ಬೆಳಿಗ್ಗೆ ಜೀಪು ಓಡಿಸಲು ನಾನೇ ಹೋದೆ. ಅವರು ಬಹಳ ಉತ್ಸಾಹದಲ್ಲಿದ್ದರು, ಒಂದು ಉಪಾಯ ಹೊಳೆದಿತ್ತು. ಎತ್ತಿನ ಗಾಡಿಯ ಎತ್ತರ, ಜೀಪಿನ ಎತ್ತರ ಒಂದೇ. ಗಾಡಿಯ ಹಿಂದೆ ಆಕೆಗೆ ರೂಢಿಯಾದ ಹಲಗೆ ಮೆಟ್ಟಿಲಿದೆ. ಗಾಡಿ ಹತ್ತಿ, ಅಲ್ಲಿಂದ ಜೀಪಿಗೆ ದಾಟಿದರೆ ಮುಗಿಯಿತು.

"ಅಲ್ಲಿ ಇಳಿಯಕ್ಕೂ ಗಾಡಿ ಬೇಕಲ್ಲ? ಅದಕ್ಕೇ ನಿನ್ನೇನೇ ಹೊಡಸ್ಬುಟ್ಟೆ. ಇಷ್ಟೊತ್ಗೆ ಊರು ಸೇರಿರ್ತದೆ."

"ಒಳ್ಳೇದಾಯ್ತು ಯಜಮಾನ್ರೇ. ಇಲ್ಲಿ ಹತ್ತೋದಕ್ಕೆ?"

ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇದ್ದದ್ದು ಅದೊಂದೇ ಗಾಡಿ.

ಹೊಸ ರೇಷ್ಮೆ ಸೀರೆ ಉಟ್ಟು, ಅತ್ತಿಗೆಗೆ ಕೊಡುವ ಮೊರದ ಬಾಗಿನ ಮಡಿಲಲ್ಲಿಟ್ಟುಕೊಂಡು ಯಜಮಾನತಿ ಜಗಲಿಯ ಮೇಲೆ ಕೂತಿದ್ದರು. ಬಯ್ಯಲೂ ಇಲ್ಲ. "ಹೋಗ್ಲಿ ಬುಡಿ, ಅಣ್ಣ ಕಳಿಸ್ತಾನೆ" ಎಂದಷ್ಟೇ ಅಂದರು. ಬಯ್ದಿದ್ದರೆ ವಾಸಿಯಿತ್ತು. ಮೂವರೂ ಆ ಜಗಲಿಯ ಮೇಲೆಯೇ ಸಪ್ಪಗೆ ಕಾಫಿ ಕುಡಿದೆವು.

ತವರಿಗೆಂದು ಕಟ್ಟಿಟ್ಟಿದ್ದ ತೆಂಗಿನಕಾಯಿ ಮೂಟೆಯನ್ನಾದರೂ ತಲುಪಿಸೋಣ ಎಂದು ನಾನು ಜೀಪನ್ನು ಹಿಂದಕ್ಕೆ ತಂದು ಜಗಲಿಗೆ ಒತ್ತಿ ನಿಲ್ಲಿಸಿದೆ. ಜೀಪಿನ ಹಿಂಬಾಗಿಲ ಹಲಗೆ ಇಳಿಸಿದೆ. ಅದು ನೆಟ್ಟಗೆ ಜಗಲಿಯ ಮೇಲೆ ಬಂದು ಕೂತಿತು. ಮೂಟೆ ಎತ್ತಲು ನಾನು ಬಗ್ಗುವಷ್ಟರಲ್ಲಿ ಯಜಮಾನತಿ ಎದ್ದು, ಸೆರಗು ಸರಿಮಾಡಿಕೊಂಡು, ಅಡುಗೆಮನೆಯಿಂದ ನಡುಮನೆಗೆ ಬಂದಷ್ಟು ಸಲೀಸಾಗಿ ನಡೆದು ಜೀಪಿನೊಳಗೆ ಕೂತರು.

"ಮೂಟೆ ಆಮೇಲೆ ಹಾಕಪ್ಪ. ಮೊದ್ಲು ನಾನು."

ತಿಂಗಳುಗಟ್ಟಲೆ ಮೆಟ್ಟಿಲಿಗಾಗಿ ಕಂಪನಿಯನ್ನು ನಾವು ಶಪಿಸುತ್ತಿದ್ದದ್ದು ಆ ಜಗಲಿಯ ಮೇಲೆ ಕೂತೇ.

೫. ಕಂಪನಿ ರೂಲ್ಸು

ಅರ್ಕಾವತಿಯ ಮರಳನ್ನು ಜೀಪು ಗುರುಗುಟ್ಟುತ್ತ ದಾಟಿತು. ತವರಿನ ಜಗಲಿಯ ಮೇಲೆ ಅಣ್ಣ ಕೋಲೂರಿ ನಿಂತಿದ್ದ. ಅಂಗಳದಲ್ಲಿ ಕಾಯುತ್ತಿದ್ದ ಎತ್ತಿನ ಗಾಡಿಯನ್ನು ಬಿಟ್ಟು, ನಾನು ಜೀಪನ್ನು ಮತ್ತೆ ಹಿಂದಕ್ಕೆ ತಂದು ಜಗಲಿಗೆ ಒತ್ತಿ ನಿಲ್ಲಿಸಿದೆ. ತಂಗಿ ಜೀಪಿನಿಂದ ಜಗಲಿಗೆ ಕಾಲಿಟ್ಟಳು, ಎದುರಿಗೇ ಅಣ್ಣ. ಅಣ್ಣ ಕೋಲನ್ನು ಗೋಡೆಗೊರಗಿಸಿ ಅವಳ ಕೈ ಹಿಡಿದುಕೊಂಡ. ಯಜಮಾನರು ಟವಲಿನಿಂದ ಮುಖ ಒರೆಸಿಕೊಳ್ಳುತ್ತ, ಹೊಳೆಯ ಮರಳು ಕಣ್ಣಿಗೆ ಬಿತ್ತು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಅಣ್ಣನ ಕೈಯಿಂದ ಬಾಗಿನ ತಗೊಂಡದ್ದಾಯಿತು, ಅತ್ತಿಗೆಗೆ ಕೊಟ್ಟದ್ದೂ ಆಯಿತು. ಊಟಕ್ಕೆ ಕೂತೆವು. ನನ್ನ ಎಲೆಗೆ ಬಿಸಿ ಒಬ್ಬಟ್ಟು ಬಿತ್ತು. ತುಪ್ಪದ ಗಿಂಡಿ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದ ಯಜಮಾನತಿಯ ಕೈಯಲ್ಲಿತ್ತು. ನಾನು ಕಾದೆ. ಅವರು ಅಲ್ಲಾಡಲಿಲ್ಲ. ಎಲೆಯನ್ನು ಸ್ವಲ್ಪ ಆ ಕಡೆ ಸರಿಸಿದೆ.

"ಒಬ್ಬಟ್ಟು ತಗೊಂಡ್ರೆ ತುಪ್ಪ ಬರಲ್ಲ ಸಾರ್" ಎಂದರು ಗಂಭೀರವಾಗಿ. "ಕಂಪನಿ ರೂಲ್ಸು."

ಇಡೀ ಪಂಕ್ತಿ ನಕ್ಕಿತು. ಆಮೇಲೆ ಅವರು ಸುರಿದ ತುಪ್ಪ ಎಲೆ ದಾಟಿ ನನ್ನ ಪಂಚೆಗೆ ಹರಿಯಿತು. ಸಾಕು ಅಮ್ಮಾ ಎಂದು ಕೈ ಅಡ್ಡ ಹಿಡಿದರೆ, ಕೈ ಮೇಲೂ ಸುರಿದರು.