ಬೋಳು ಡಿಕ್ಕಿಯ ಕಾರು

ಊರಿನವರಿಗೆಲ್ಲ ಕಾರು ಆರಿಸಿಕೊಟ್ಟ ಮನುಷ್ಯನಿಗೆ ತನ್ನ ಮನೆಯ ಕಾರನ್ನು ಆರಿಸುವ ಭಾಗ್ಯ ಮಾತ್ರ ಬಂದಿರಲಿಲ್ಲ. ವೆಂಡೆಲಿನ್ ಹೇಗೆಲೆಯ ಜೀವಮಾನದ ಕೊರಗು ಇದೇ. ಹೆಸರಿಗೆ ಅವನು ಕಿಟಕಿ ಪರದೆ ನೇತುಹಾಕುವ ಕೊಂಡಿಗಳ ಕಾರ್ಖಾನೆಯ ಮಾರಾಟ ನಿರ್ದೇಶಕ. ಆದರೆ ಆ ಕಾರ್ಖಾನೆ ಕಟ್ಟಿದ್ದು ಮಾವ, ನಡೆಸುತ್ತಿರುವುದು ಹೆಂಡತಿ ಗುಡ್ರುನ್. ಕುರ್ಚಿ ಅವನದು, ಸಹಿ ಅವಳದು. ಮನೆಗೆ ಬರುವ ಕಾರು ಕಂಪನಿಯ ಲೆಕ್ಕದಲ್ಲಿ ಬರುತ್ತಿದ್ದುದರಿಂದ ಈವರೆಗೆ ಬಂದದ್ದೆಲ್ಲ ಬೂದು ಬಣ್ಣದ, ಉದ್ದನೆಯ, ಸಭ್ಯ ಗಾಡಿಗಳೇ. ಕೊಂಡಿಯ ಡಬ್ಬ ಎಷ್ಟು ಹಿಡಿಯುತ್ತದೆ ಅನ್ನುವುದೊಂದೇ ಅವಳ ಪರೀಕ್ಷೆ.

ಹಾಗಿದ್ದರೂ ಊರಿನಲ್ಲಿ ಅವನಿಗೊಂದು ಕೀರ್ತಿ ಇತ್ತು. ಅದು ಅವನ ಕಿವಿಯದು. 'ಬಂಗಾರದ ಜಿಂಕೆ' ಎಂಬ ಹೆಂಡದಂಗಡಿಯಲ್ಲಿ ಶುಕ್ರವಾರ ಸಂಜೆ ಗೆಳೆಯರ ಖಾಯಂ ಮೇಜಿನ ಸುತ್ತ ಕುಳಿತಾಗ ಹೊರಗೆ ರಸ್ತೆಯಲ್ಲಿ ಗಾಡಿಯೊಂದು ಹೋದರೆ ಸಾಕು, ವೆಂಡೆಲಿನ್ ಕಣ್ಣು ಮುಚ್ಚಿ ಬೆರಳೆತ್ತುತ್ತಿದ್ದ. "ಆರು ಸಿಲಿಂಡರ್. ಡೀಸೆಲ್. ಟರ್ಬೋಗೆ ಸ್ವಲ್ಪ ನೆಗಡಿ." (ನಿಜವೋ ಸುಳ್ಳೋ ಯಾರೂ ಎದ್ದು ಹೋಗಿ ನೋಡುತ್ತಿರಲಿಲ್ಲ. ಗ್ಲಾಸು ತುಂಬಿರುವಾಗ ಎದ್ದು ಹೋಗುವ ಪದ್ಧತಿ ಆ ಊರಿನಲ್ಲಿಲ್ಲ.)

ಹೀಗಿರುವಾಗ ಟಾರ್ನಾವ್ ಕಂಪನಿಯ ದೊಡ್ಡ ಸ್ಪೋರ್ಟ್ ಗಾಡಿಯ ಮೂರನೆಯ ತಲೆಮಾರು ಮಾರುಕಟ್ಟೆಗೆ ಬಂತು. ಬೆಟ್ಟ ಹತ್ತುವ ಎತ್ತರ, ರೇಸಿಗೆ ನಿಂತಂಥ ಸೊಂಟ, ಒಳಗೆ ಅರಮನೆಯ ಸೋಫಾ! ಆ ಚಿತ್ರ ನೋಡಿದ ದಿನ ವೆಂಡೆಲಿನ್‌ಗೆ ಊಟ ಸೇರಲಿಲ್ಲ. ಅದೇ ವಾರ ಹಳೆಯ ಬೂದು ಗಾಡಿಯ ಗೇರ್‌ಬಾಕ್ಸ್ ಪ್ರಾಣ ಬಿಟ್ಟಿತು. ದೇವರು ಇದ್ದಾನೆ ಅಂದುಕೊಂಡ.

"ಗುಡ್ರುನ್, ಈ ಸಲ ನಾನು ಆರಿಸ್ತೀನಿ" ಅಂದ, ಮಧ್ಯಾಹ್ನದ ಊಟಕ್ಕೆ ಕುಳಿತಾಗ.

"ಆರಿಸು. ಆದ್ರೆ ನಾಲ್ಕು ಥರ ಇದೆಯಂತಲ್ಲ ಅದ್ರಲ್ಲಿ. ಯಾವುದು ಯಾಕೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳು. ಅರ್ಥ ಆದ್ರೆ ಸಹಿ ಹಾಕ್ತೀನಿ, ಆಗ್ಲಿಲ್ಲ ಅಂದ್ರೆ ಮತ್ತೆ ಬೂದು ಗಾಡಿ."

ಅಷ್ಟು ಸಾಕಾಯಿತು. ತಟ್ಟೆಯಲ್ಲಿ ಮಾಂಸ, ಪಾಲಕ್ ತುಂಬಿದ ಕಡುಬುಗಳಿದ್ದವು. ವೆಂಡೆಲಿನ್ ಎಂಟು ಕಡುಬು ಎತ್ತಿ ನಾಲ್ಕು ನಾಲ್ಕರಂತೆ ಎರಡು ಓರೆ ಸಾಲು ಮಾಡಿದ. "ನೋಡು! ಇದು ಅರವತ್ತು. ಎಂಟು ಸಿಲಿಂಡರ್. ಗಾಡಿಗಳ ಚಕ್ರವರ್ತಿ!"

"ಎಂಟಕ್ಕೆ ಅರವತ್ತು ಅಂತ ಯಾಕೆ ಹೆಸರು?"

"ಅದು ಡಿಕ್ಕಿ ಮೇಲೆ ಅಂಟಿಸೋ ಅಂಕೆ. ಮೊದಲನೇ ತಲೆಮಾರಿನಲ್ಲಿ ನಲವತ್ತು ಅಂದ್ರೆ ನಾಲ್ಕು ಲೀಟರ್ ಎಂಜಿನ್. ಎರಡನೇದ್ರಲ್ಲಿ ಮೂರೂವರೆ ಲೀಟರ್. ಈಗ ನಲವತ್ತು ಅಂದ್ರೆ ಮೂರು ಲೀಟರ್, ಅರವತ್ತು ಅಂದ್ರೆ ನಾಲ್ಕು ಲೀಟರ್."

"ಅಂದ್ರೆ ಅಂಕೆಗೂ ಎಂಜಿನ್ನಿಗೂ ಸಂಬಂಧ ಇಲ್ಲ."

"ಸಂಬಂಧ ಇದೆ, ಗುಡ್ರುನ್, ಆದ್ರೆ ಅದು ದೂರದ ಸಂಬಂಧ."

ಗುಡ್ರುನ್ ಎರಡು ಕಡುಬು ತಿಂದಳು. ವೆಂಡೆಲಿನ್ ಹುಮ್ಮಸ್ಸಿನಿಂದ ಮೇಜು ಗುದ್ದಿದ. "ಹಾಂ! ಈಗ ಇದು ನಲವತ್ತು! ಆರು ಸಿಲಿಂಡರ್! ಪಕ್ಕದ ಮನೆ ಓಟ್ಮಾರ್ ತಗೊಂಡಿದಾನಲ್ಲ, ಅದೇ. ಡೀಸೆಲ್ ಬೇಕಿದ್ರೆ ಇದ್ರಲ್ಲೇ 'ಡಿ' ಅಂತ ಬರುತ್ತೆ." ಅವಳು ಇನ್ನೆರಡು ತಿಂದಳು. "ಇದು ಮೂವತ್ತು, ನಾಲ್ಕು ಸಿಲಿಂಡರ್. ಇದನ್ನ ಹೇಳಿಕೊಳ್ಳೋಕೆ ನಾಚಿಕೆ ಪಡೋರು ತಗೋತಾರೆ."

"ನಾಲ್ಕಕ್ಕೇ ಹೊಟ್ಟೆ ತುಂಬ್ತು ನನಗೆ" ಅಂದಳು ಗುಡ್ರುನ್.

ಆದರೂ ಆ ತಿಂಗಳೆಲ್ಲ ಪಾಠ ನಡೆಯಿತು. ತಿಂಡಿಗೆ ಟಾರ್ಕ್, ಕಾಫಿಗೆ ಏರ್ ಸಸ್ಪೆನ್ಷನ್. ಗಾಡಿ ನಿಧಾನವಾಗಿ ಹೋಗುವಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ತಾವಾಗಿಯೇ ನಿದ್ದೆ ಹೋಗಿ ಪೆಟ್ರೋಲ್ ಉಳಿಸುತ್ತವೆ ಎಂಬ ಸಂಗತಿ ಕೇಳಿದಾಗ ಮಾತ್ರ ಅವಳ ಮುಖ ಅರಳಿತು. ಜಿಪುಣತನಕ್ಕೆ ಹೆಸರಾದ ಶ್ವಾಬಿಯಾ ಪ್ರಾಂತ್ಯದ ಹೆಣ್ಣಲ್ಲವೇ, ಉಳಿತಾಯ ಅಂದರೆ ಕಿವಿ ನಿಮಿರುತ್ತದೆ. ಕೊನೆಗೊಂದು ದಿನ ಪೆನ್ನು ತೆಗೆದಳು.

"ಸರಿ, ಅರವತ್ತೇ ಇರ್ಲಿ. ಅಪ್ಪ ಬದುಕಿದ್ದಿದ್ರೆ ಒಪ್ತಿರ್ಲಿಲ್ಲ. ಆದ್ರೆ ಒಂದು ಷರತ್ತು. ಡಿಕ್ಕಿ ಮೇಲೆ ಅಂಕೆ ಬೇಡ."

ಆ ನಾಡಿನಲ್ಲಿ ಇದೊಂದು ಪದ್ಧತಿ. ಬೇಕಾದರೆ ಕಂಪನಿಯವರೇ ಅಂಕೆ ಅಂಟಿಸದೆ, ಡಿಕ್ಕಿಯನ್ನು ಬೋಳಾಗಿ ಕೊಡುತ್ತಾರೆ. ಅದಕ್ಕೆ ದುಡ್ಡೂ ಇಲ್ಲ. ಬೋಳು ಡಿಕ್ಕಿಗೆ ಕಾರಣ ಎರಡೇ: ಒಂದೋ ಎಂಜಿನ್ ಎಷ್ಟು ದೊಡ್ಡದೆಂದರೆ ಬಚ್ಚಿಡಬೇಕು, ಇಲ್ಲವೋ ಎಷ್ಟು ಚಿಕ್ಕದೆಂದರೆ ಬಚ್ಚಿಡಬೇಕು.

"ಅಂಕೆ ಇಲ್ದೆ ಹೋದ್ರೆ ಜನಕ್ಕೆ ಹೇಗೆ ಗೊತ್ತಾಗುತ್ತೆ?" ಅಳುದನಿಯಲ್ಲಿ ಕೇಳಿದ.

"ಗೊತ್ತಾಗಬಾರದು ಅಂತಾನೇ. ಅರವತ್ತು ಅಂತ ಬರ್ಕೊಂಡು ಕಾರ್ಖಾನೆ ಬಾಗಿಲಿಗೆ ಹೋದ್ರೆ, ಮಾರನೇ ದಿನವೇ ಎಲ್ಲರೂ ಸಂಬಳ ಜಾಸ್ತಿ ಕೇಳ್ತಾರೆ. ಇರೋದನ್ನ ತೋರಿಸ್ಕೊಂಡು ತಿರುಗೋರು ನಾವಲ್ಲ, ವೆಂಡೆಲಿನ್."

ಅರವತ್ತಿಗಾಗಿ ಅರವತ್ತನ್ನೇ ತ್ಯಾಗ ಮಾಡಿ ಒಪ್ಪಿಕೊಂಡ.

ಗಾಡಿ ತೆಗೆದುಕೊಳ್ಳಲು ಹೋದ ದಿನ ವೆಂಡೆಲಿನ್ ಮದುವೆಯ ಕೋಟು ಹಾಕಿದ್ದ (ಗುಂಡಿ ಹಾಕಲಾಗಲಿಲ್ಲ). ಷೋರೂಮಿನ ಹುಡುಗಿ ಗಾಡಿಯ ಬಗ್ಗೆ ವಿವರಿಸಲು ಬಂದಳು. ಪಾಪ, ಅವಳಿಗೆ "ನಮಸ್ಕಾರ" ಅನ್ನುವಷ್ಟೇ ಅವಕಾಶ ಸಿಕ್ಕಿದ್ದು. ಉಳಿದದ್ದನ್ನೆಲ್ಲ ವೆಂಡೆಲಿನ್‌ನೇ ಅವಳಿಗೆ ವಿವರಿಸಿದ. ಗಾಡಿ ಹತ್ತಿ ಸ್ಟಾರ್ಟ್ ಗುಂಡಿ ಒತ್ತಿದ. ಗುರ್ರ್ರ್! ಹೊಟ್ಟೆಯ ಒಳಗಿನಿಂದಲೇ ಬಂದಂತಿತ್ತು ಸದ್ದು. ಅವನ ಕಣ್ಣಲ್ಲಿ ನೀರು ಬಂತು. "ಕೇಳು ಗುಡ್ರುನ್, ಎಂಟೂ ಹಾಡ್ತಿವೆ! ಒಂದೊಂದನ್ನೂ ಎಣಿಸಬಲ್ಲೆ!" ಗುಡ್ರುನ್ ಡಿಕ್ಕಿ ತೆಗೆದು ಕೊಂಡಿಯ ಡಬ್ಬ ಎಷ್ಟು ಹಿಡಿಯುತ್ತದೆ ಅಂತ ಅಳೆಯುತ್ತಿದ್ದಳು.

ಕೆಲವು ದಿನ ಸ್ವರ್ಗ. ಹೆದ್ದಾರಿಯಲ್ಲಿ ವೇಗಕ್ಕೆ ಮಿತಿಯಿಲ್ಲದ ಕಡೆ ಕಾಲು ಒತ್ತಿದಾಗಲೆಲ್ಲ ಹುಡುಗನಂತೆ "ಯಾಹೂ" ಅಂತ ಕೂಗಿದ. ಆದರೆ ಸುಖಕ್ಕೆ ಸಾಕ್ಷಿ ಬೇಡವೇ? ಶುಕ್ರವಾರ ಸಂಜೆ 'ಬಂಗಾರದ ಜಿಂಕೆ'ಯ ಕಿಟಕಿಯ ಕೆಳಗೇ ಗಾಡಿ ನಿಲ್ಲಿಸಿ, ಬೇಕಂತಲೇ ಒಮ್ಮೆ ಗುರುಗುಟ್ಟಿಸಿ ಒಳಗೆ ಹೋದ.

ಪಕ್ಕದ ಮನೆಯ ಓಟ್ಮಾರ್ ಕ್ನೋಡ್ಲರ್ ಕಿಟಕಿಯಿಂದ ಬಗ್ಗಿ ನೋಡಿ, ಮೀಸೆ ಒರೆಸಿಕೊಂಡ. "ಗಾಡಿ ಚೆನ್ನಾಗಿದೆ ಕಣೋ. ಡಿಕ್ಕಿ ಯಾಕೆ ಬೋಳು? ಮೂವತ್ತು ತಗೊಂಡ್ಯಾ?"

ಮೇಜಿಗೆ ಮೇಜೇ ನಕ್ಕಿತು.

"ಮೂವತ್ತಾ!" ವೆಂಡೆಲಿನ್‌ನ ಮುಖ ಕೆಂಪು ವೈನಿನಂತಾಯಿತು. ಹೆಂಡತಿಗೆ ಕೊಟ್ಟ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎರಡು ಗುಟುಕು ಕುಡಿದ, ಇಳಿಯಿತು. "ಎಂಟು! ಎಂಟು ಸಿಲಿಂಡರ್ ಕಣೋ ಅದು! ನಿನ್ನ ನಲವತ್ತು ಅದ್ರ ಮುಂದೆ ಹೊಲಿಗೆ ಮೆಷಿನ್ನು!"

"ಬೋಳು ಡಿಕ್ಕಿ ಇಟ್ಕೊಂಡು ಎಲ್ರೂ ಹಿಂಗೇ ಹೇಳೋದು. ನಮ್ಮ ಹಲ್ಲಿನ ಡಾಕ್ಟರೂ ಹೇಳ್ತಿದ್ದ."

"ಪಂದ್ಯ ಕಟ್ತೀಯಾ?"

"ಕಟ್ತೀನಿ. ಎಂಟಲ್ಲ ಅಂದ್ರೆ ಈ ಎಲೆ ಉದುರೋ ಕಾಲ ಪೂರ್ತಿ ನನ್ನ ಮನೆ ಮುಂದೆ ನೀನು ಗುಡಿಸಬೇಕು. ಎಂಟಾದ್ರೆ ನಿನ್ನ ಮನೆ ಮುಂದೆ ನಾನು."

ಇದು ಸಣ್ಣ ಪಂದ್ಯವಲ್ಲ. ಶನಿವಾರ ಮನೆಯ ಮುಂದಿನ ಕಾಲುದಾರಿ ಗುಡಿಸುವುದು ಅಲ್ಲಿ ದೇವಪೂಜೆಗೆ ಸಮ. ಯಾರು ಗುಡಿಸಿದರು, ಮೂಲೆ ಬಿಟ್ಟರೋ, ಎಲ್ಲವನ್ನೂ ಬೀದಿಗೆ ಬೀದಿಯೇ ಪರದೆಯ ಹಿಂದೆ ನಿಂತು ನೋಡುತ್ತದೆ. ಇನ್ನೊಬ್ಬನ ಮನೆಯೆದುರು ಪೊರಕೆ ಹಿಡಿದವನ ಮಾನ ಅಲ್ಲಿಗೆ ಮುಗಿಯಿತು. ಕ್ನೋಡ್ಲರ್‌ನ ಅಂಗಳದಲ್ಲಿ ಬೇರೆ ಮೂರು ದೊಡ್ಡ ಲಿಂಡನ್ ಮರಗಳಿದ್ದವು. ವೆಂಡೆಲಿನ್ ಕೈಗೆ ಕೈ ಹೊಡೆದ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಗುಡ್ರುನ್! ಕಾರ್ಖಾನೆಯಿಂದ ನಡೆದು ಬಂದವಳು, ಗಾಡಿಯಲ್ಲಿ ಜೊತೆಗೆ ಮನೆಗೆ ಹೋಗೋಣ ಅಂತ ಒಳಗೆ ಬಂದಿದ್ದಳು.

"ಸರಿಯಾದ ಹೊತ್ತಿಗೆ ಬಂದೆ! ನೀನೇ ಹೇಳು ಗುಡ್ರುನ್, ನಮ್ಮ ಗಾಡಿ ಎಷ್ಟು ಸಿಲಿಂಡರ್? ಎಂಟಲ್ವಾ?" ವೆಂಡೆಲಿನ್ ಎದೆಯುಬ್ಬಿಸಿ ಕೇಳಿದ.

ಗುಡ್ರುನ್ ಗಂಡನನ್ನು ನೋಡಿದಳು, ಕ್ನೋಡ್ಲರ್‌ನನ್ನು ನೋಡಿದಳು. ಸಾವಕಾಶವಾಗಿ ಕೈಗವಸು ಬಿಚ್ಚಿದಳು.

"ಎಂಟಾ? ಯಾರು ಹೇಳಿದ್ದು? ಅಷ್ಟು ದೊಡ್ಡದನ್ನ ತಗೊಳ್ಳೋಕೆ ನಮಗೇನು ತಲೆ ಕೆಟ್ಟಿದೆಯಾ?"

ವೆಂಡೆಲಿನ್‌ನ ತಲೆಯೊಳಗೆ ಗಾಳಿಚಕ್ರ ತಿರುಗಿತು. ಸಹಿ ಅವಳದು! ಕಾಗದ ಪತ್ರವೆಲ್ಲ ಅವಳ ಕಪಾಟಿನಲ್ಲಿ! ಕೊನೆ ಗಳಿಗೆಯಲ್ಲಿ ಬದಲಾಯಿಸಿಬಿಟ್ಟಳೇ ಮಹಾತಾಯಿ? ಪಂದ್ಯ ಹೋಯಿತು, ಹೋಗಲಿ. ಕಿವಿಯ ಕೀರ್ತಿ? ಎಂಟಕ್ಕೂ ಆರಕ್ಕೂ ವ್ಯತ್ಯಾಸ ತಿಳಿಯದವನು ಅಂತ ನಾಳೆ ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಕಿವಿಯನ್ನಾದರೂ ಉಳಿಸಿಕೊಳ್ಳಬೇಕು!

"ಹಹ್ಹಹ್ಹಾ!" ಅಂತ ಜೋರಾಗಿ ನಕ್ಕ. "ಏನು ಓಟ್ಮಾರ್, ನಂಬಿಬಿಟ್ಯಾ? ಪರೀಕ್ಷೆ ಮಾಡಿದೆ ಕಣೋ! ಮೊದಲ ಸಲ ಗುಂಡಿ ಒತ್ತಿದಾಗಲೇ ಈ ಕಿವಿಗೆ ಗೊತ್ತಾಗಿತ್ತು, ಇದು ಆರು ಅಂತ. ರೇಷ್ಮೆ ಹರಿದ ಹಾಗಿರೋ ಆ ನಯ ಎಂಟಕ್ಕೆಲ್ಲಿ ಬರ್ಬೇಕು? ಎಂಟು ಒರಟು. ತಿಳಿದೋರು ತಗೊಳ್ಳೋದೇ ಆರು. ಪ್ರಮಾಣ ಮಾಡಿ ಹೇಳ್ತೀನಿ, ಆರು!"

ಮೇಜಿನವರು ತಲೆದೂಗಿದರು. ಕಿವಿ ಅಂದರೆ ಕಿವಿ! ನಲವತ್ತರ ಒಡೆಯನಾದ ಕ್ನೋಡ್ಲರ್‌ಗಂತೂ ಈ ಮಾತು ಕೇಳಿ ಪಂದ್ಯವನ್ನೇ ಮನ್ನಾ ಮಾಡುವಷ್ಟು ಸಂತೋಷವಾಯಿತು. "ಹಾಗಾದ್ರೆ ನಂದೂ ನಿಂದೂ ಒಂದೇ ಅನ್ನು. ಅಲ್ವಾ ಗುಡ್ರುನ್?"

"ಆರೂ ಅಲ್ಲ" ಅಂದಳು ಗುಡ್ರುನ್. "ನಾಲ್ಕು. ಇರೋದ್ರಲ್ಲಿ ಚಿಕ್ಕದು. ಎದ್ದೇಳು ವೆಂಡೆಲಿನ್, ಸಾರು ಆರುತ್ತೆ."

ಆಮೇಲೆ ಎದ್ದ ನಗೆಗೆ ಗೋಡೆಯ ಮೇಲಿನ ಜಿಂಕೆಯ ಕೊಂಬು ಅಲ್ಲಾಡಿತಂತೆ. ಬಾನೆಟ್ ತೆಗೆದು ನೋಡೋಣ ಅಂತ ಯಾರೂ ಅನ್ನಲಿಲ್ಲ. ತನ್ನ ಗಾಡಿ ದೊಡ್ಡದು ಅಂತ ಸುಳ್ಳು ಹೇಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಚಿಕ್ಕದು ಅಂತ ಯಾರು ಹೇಳುತ್ತಾರೆ?

ಮನೆಗೆ ಹೋಗುವ ದಾರಿಯಲ್ಲಿ ವೆಂಡೆಲಿನ್ ಹೆಂಡತಿಯನ್ನು ಏನಂತ ಕೇಳುವುದು? ಕೇಳಿದರೆ ತನಗೆ ತಿಳಿಯಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ಊರೊಳಗೆ ನಿಧಾನಕ್ಕೆ ಗಾಡಿ ನಡೆಸುತ್ತ ಕಿವಿಗೊಟ್ಟ. ಅಯ್ಯೋ ದೇವರೇ, ನಾಲ್ಕೇ! ಸ್ಪಷ್ಟವಾಗಿ ನಾಲ್ಕೇ ಕೇಳಿಸಿತು. ಇಷ್ಟು ದಿನ ಯಾವ ಕಿವಿಯಿಂದ ಎಂಟು ಎಣಿಸಿದೆನೋ ಅಂತ ಹಣೆ ಚಚ್ಚಿಕೊಂಡ.

ಮಾರನೆಯ ದಿನ ಶನಿವಾರ. ರಾತ್ರಿಯೆಲ್ಲ ಗಾಳಿ ಬೀಸಿ ಮೂರು ಲಿಂಡನ್ ಮರಗಳೂ ಉದಾರವಾಗಿ ಎಲೆ ಚೆಲ್ಲಿದ್ದವು. ವೆಂಡೆಲಿನ್ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕ್ನೋಡ್ಲರ್‌ನ ಮನೆ ಮುಂದೆ ಗುಡಿಸುತ್ತಿದ್ದ. ಬೀದಿಯ ಪರದೆಗಳೆಲ್ಲ (ಹೆಚ್ಚಿನವು ಅವನದೇ ಕಾರ್ಖಾನೆಯ ಕೊಂಡಿಯಲ್ಲಿ ನೇತಾಡುತ್ತಿದ್ದಂಥವು) ಒಂದಿಷ್ಟು ಸರಿದವು. ಗುಡ್ರುನ್ ಬಿಸಿ ಕಾಫಿ ಹಿಡಿದು ಹತ್ತಿರ ಬಂದಳು.

"ಕೋಪಾನಾ?"

"ನನಗೆ ಹೇಳಬಹುದಿತ್ತು" ಅಂದ, ಎಲೆಗಳನ್ನು ನೋಡುತ್ತ. "ಮೂವತ್ತು ತಗೊಂಡಿದೀನಿ ಅಂತ ಒಂದು ಮಾತು ಹೇಳಿದ್ರೆ ನಾನು ಊರ ಮುಂದೆ ಹೀಗೆ..."

"ಮೂವತ್ತು ಯಾರು ತಗೊಂಡ್ರು? ಅದು ಅರವತ್ತೇ."

ಪೊರಕೆ ನಿಂತಿತು.

"ಏನು?"

"ಅರವತ್ತು. ಎಂಟು ಸಿಲಿಂಡರ್. ನೀನು ಹೇಳಿದ್ದಕ್ಕೇ ಸಹಿ ಹಾಕಿದ್ದು. ಮತ್ತೆ ಅಷ್ಟು ಜನರ ಮುಂದೆ ಹೌದು ಅನ್ನೋಕಾಗುತ್ತಾ? ಕ್ನೋಡ್ಲರ್ ಹೆಂಡತಿ ಹೆಡ್ವಿಗ್ ನಮ್ಮ ಕೆಲಸಗಾರರ ಮುಖಂಡೆ. ಸೋಮವಾರ ಸಂಬಳದ ಮಾತುಕತೆಗೆ ನನ್ನೆದುರಿಗೆ ಕೂರ್ತಾಳೆ. ನಿನಗೇನು, ನೀನು ಕುಡಿದು ಬಾಯಿಬಿಟ್ಟೆ."

"ಅಂದ್ರೆ ನನ್ನ ಕಿವಿ... ನನ್ನ ಕಿವಿ ಸರಿಯಾಗೇ ಇತ್ತು!" ವೆಂಡೆಲಿನ್ ಕೂಗಿಬಿಟ್ಟ. "ಎಂಟೂ ಹಾಡ್ತಿವೆ ಅಂತ ಮೊದಲ ದಿನವೇ ಹೇಳಿದ್ದೆ! ನಿನ್ನೆ ನಿಧಾನಕ್ಕೆ ಬರುವಾಗ ನಾಲ್ಕು ನಿದ್ದೆ ಹೋಗಿದ್ವು, ಅಷ್ಟೇ! ಗೆದ್ದೆ! ಪಂದ್ಯ ನಾನು ಗೆದ್ದೆ!"

"ಮೆತ್ತಗೆ!" ಗುಡ್ರುನ್ ಅವನ ಕೈ ಹಿಡಿದಳು. "ಸರಿಯಾಗಿತ್ತು, ನಾನೆಲ್ಲಿ ಇಲ್ಲ ಅಂದೆ? ನೀನೇ ಆಮೇಲೆ ಆರು ಅಂತ ಪ್ರಮಾಣ ಮಾಡಿದೆ. ನಿನ್ನ ಕಿವಿ ಮೇಲೆ ನಿನಗೇ ನಂಬಿಕೆ ಇಲ್ದೆ ಹೋದ್ರೆ ನಾನೇನು ಮಾಡ್ಲಿ? ಇನ್ನು ಬಾಯಿ ಬಿಟ್ಟರೆ ನೋಡು, ಮುಂದಿನದು ಬೂದು ಗಾಡಿ."

ಮೇಲಿನ ಕಿಟಕಿ ಕಿರ್ರೆಂದಿತು. ಕ್ನೋಡ್ಲರ್ ನಿಲುವಂಗಿಯಲ್ಲೇ ಹೊರಗೆ ಬಗ್ಗಿದ. ಗೆದ್ದವನ ಮುಖದಲ್ಲಿ ಕರುಣೆ ತುಂಬಿ ತುಳುಕುತ್ತಿತ್ತು.

"ಬೇಜಾರು ಮಾಡ್ಕೋಬೇಡ್ವೋ ವೆಂಡೆಲಿನ್! ನಮ್ಮ ವಯಸ್ಸಿಗೆ ನಾಲ್ಕೇ ಸಾಕು. ಆದ್ರೂ ಆಸೆ ಅಂತ ಒಂದು ಇರುತ್ತಲ್ಲ. ಗುಡಿಸಿ ಮುಗಿಸು, ನನ್ನ ಗಾಡೀಲಿ ಒಂದು ಸುತ್ತು ಹೋಗ್ಬರೋಣ. ಆರು ಅಂದ್ರೆ ಏನು ಅಂತ ನೀನೂ ಒಂದ್ಸಲ ಕೇಳಿಸ್ಕೋಬೇಕು."

ವೆಂಡೆಲಿನ್ ಹೆಂಡತಿಯ ಮುಖ ನೋಡಿದ. ಅವಳು ಕಾಫಿ ಲೋಟ ಅವನ ಕೈಗಿಟ್ಟು, ನಗು ತಡೆಯಲಾರದೆ ಮನೆಯ ಕಡೆ ತಿರುಗಿದಳು.

ಹನ್ನೊಂದು ಗಂಟೆಗೆ ಅವನು ಕ್ನೋಡ್ಲರ್‌ನ ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು ಕುಳಿತಿದ್ದ. ಕ್ನೋಡ್ಲರ್ ಗುಂಡಿ ಒತ್ತಿ, ಕಣ್ಣು ಮುಚ್ಚಿ, ಬೆರಳೆತ್ತಿದ.

"ಕೇಳಿಸ್ತಾ?"

"ಕೇಳಿಸ್ತು ಕಣೋ" ಅಂದ ವೆಂಡೆಲಿನ್. "ನಮ್ಮಂಥೋರಿಗೆಲ್ಲಿ ಇದು."