ಎದುರುಮನೆಯ ಡಬರಿ, ಪುಕ್ಕಟೆ ಸೇತುವೆ

ಸುಭದ್ರಾಬಾಯಿ: ನಾ ಕೊಡಾಕ ಹೋಗಂಗಿಲ್ರಿ. ಡಬರಿ ಕಳಿಸಿದವ್ರ ಬಂದು ಒಯ್ಲಿ. ಜೇವರ್ಗ್ಯಾಗ ನಮ್ಮ ತವರುಮನ್ಯಾಗ ಹಂಗ ಪದ್ಧತಿ.

ಶಾಂತಲಿಂಗಪ್ಪ: ಇದು ಆಳಂದ. ಇಲ್ಲಿ ಉಂಡವ್ರ ಮುಟ್ಟಿಸಬೇಕು. ಎದುರುಮನಿ ಹುಸೇನಬೀ ರಮಜಾನ್ ಹಬ್ಬಕ್ಕ ಆ ಡಬರಿ ತುಂಬ ಶೀರಖುರ್ಮಾ ಪಾಯಸ ಕಳಿಸಿ ಮೂರು ವಾರ ಆತು.

ಸುಭದ್ರಾಬಾಯಿ: ನೀವು ಆ ಮಷಿನ್ ಮುಂದ ಕುಂತೂ ಮೂರು ವಾರ ಆತು.

ಮಾತು ಸುಳ್ಳಲ್ಲ. ಪಡಸಾಲೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಶಾಂತಲಿಂಗಪ್ಪ ‘ಸೇತುವೆ’ಯೊಂದರ ರಿಪೇರಿಗೆ ಬಿದ್ದಿದ್ದ. ಎರಡು ಕಂಪ್ಯೂಟರ್ ಭಾಷೆಗಳ ಮಾತನ್ನು ಅತ್ತಿಂದಿತ್ತ ಮುಟ್ಟಿಸುವ ಪ್ರೋಗ್ರಾಮು ಅದು. ಜಗತ್ತಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಪುಕ್ಕಟೆ ರಿಪೇರಿಯನ್ನೂ ಮಾಡಬಹುದು. ಎರಡನೆಯದಕ್ಕೆ ಮಾತ್ರ ಜನ ಸಿಗುವುದಿಲ್ಲ. ರಿಪೇರಿಯಾದ ಪ್ರೋಗ್ರಾಮು ಫ್ಲಾಪಿಯಲ್ಲಿ ಇಂದು ಸಂಜೆ ನಾಲ್ಕರ ಬಸ್ಸಿಗೆ ಗುಲ್ಬರ್ಗಾಕ್ಕೆ ಹೋಗಿ, ಅಲ್ಲಿಂದ ಇ-ಮೇಲ್ ಆದರೆ ನಾಳೆ ಹೊರಬೀಳುವ ಹೊಸ ಪ್ರತಿಯಲ್ಲಿ ಇವನ ಹೆಸರು ಬರುತ್ತಿತ್ತು. ಆ ಹೆಸರಿನ ಆಸೆ ಅವನಿಗೆ ವಿಪರೀತವಿತ್ತು.

ಸುಭದ್ರಾಬಾಯಿ: ಏನಾಗ್ಯದರಿ ಅದಕ್ಕ?

ಶಾಂತಲಿಂಗಪ್ಪ: ಬಂದ ಮಾತು ಇಡಾಕ ಮೆಮೊರ್ಯಾಗ ಜಾಗಾ ತಗೋತದ. ಕೆಲಸ ಮುಗಿದ ಮ್ಯಾಲ ತಿರುಗಿ ಕೊಡವಲ್ದು. ತುಂಬಿ ತುಂಬಿ ನಿಂತುಬಿಡ್ತದ.

ಸುಭದ್ರಾಬಾಯಿ: ಯಾರು ಕೊಡಬೇಕು?

ಶಾಂತಲಿಂಗಪ್ಪ: ಮೊದ್ಲ ಕಳಿಸಿದವ್ರ ಬಂದು ಒಯ್ತಿದ್ರು.

ಸುಭದ್ರಾಬಾಯಿ: ಶ್ಯಾಣ್ಯಾ ಮಂದಿ. ಜೇವರ್ಗಿಯವ್ರು ಇರಬೇಕು.

ಶಾಂತಲಿಂಗಪ್ಪನಿಗೆ ಈಗ ಹೊಳೆಯಿತು. ಎರಡರಲ್ಲಿ ಒಂದು ಭಾಷೆಯ ಹೊಸ ಆವೃತ್ತಿಯಲ್ಲಿ ಈ ಪದ್ಧತಿ ಬದಲಾಗಿತ್ತು.

ಶಾಂತಲಿಂಗಪ್ಪ: ಹೊಸದ್ರಾಗ ಆಳಂದದ ಪದ್ಧತಿ ತಂದಾರ. ತಗೊಂಡವ್ರ ಕೊಡಬೇಕು. ಸೇತುವಿ ಇನ್ನೂ ನಿಮ್ಮ ತವರುಮನ್ಯಾಗ ಕುಂತದ.

ಸುಭದ್ರಾಬಾಯಿ: ತವರಿನ ಸುದ್ದಿ ಬ್ಯಾಡ. ಕೊಟ್ಟು ಬರ್ತೇನಿ, ಆತಿಲ್ಲ?

ಖಾಲಿ ಡಬರಿ ಕೊಡಬಾರದೆಂದು ಅದಕ್ಕೆ ಎರಡು ಹಿಡಿ ಶೇಂಗಾ ಸುರಿದು ಆಕೆ ಹೊರಟಳು. ಇವನು ‘ತಿರುಗಿ ಕೊಡು’ ಎಂಬ ಒಂದು ಸಾಲು ಸೇರಿಸಿ ಪ್ರೋಗ್ರಾಮು ಓಡಿಸಿದ. ಮೊದಲು ಅರ್ಧ ತಾಸಾದರೂ ಓಡುತ್ತಿದ್ದದ್ದು ಈಗ ಅರ್ಧ ನಿಮಿಷಕ್ಕೇ ಸತ್ತಿತು. ತಲೆ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಸುಭದ್ರಾಬಾಯಿಯ ಹಿಂದೆಯೇ ಹುಸೇನಬೀ ಬಂದಳು, ಕೈಯಲ್ಲಿ ಅದೇ ಡಬರಿ.

ಹುಸೇನಬೀ: ಅಣ್ಣಾ, ನಂದು ನೀವು ಶುಕ್ರವಾರನ ಕೊಟ್ಟೀರಿ. ಅಕ್ಕಾ ಇವತ್ತು ಮತ್ತೊಂದು ತಂದಾರ. ಕಳಿಸಿದ್ದು ಒಂದು, ಎರಡು ಹೆಂಗ ಇಟ್ಕೊಳ್ಳಿ?

ಸುಭದ್ರಾಬಾಯಿ: ಹಂಗಾರ ಇದು ನಮ್ಮದ? ಕೊಟ್ಟದ್ದು ಹೇಳಬಾರದೇನ್ರಿ?

ಶಾಂತಲಿಂಗಪ್ಪ: ಗಡಿಬಿಡ್ಯಾಗ ಕೊಟ್ಟೆ, ಮರ್ತೆ. ತಡಿ, ಶುಕ್ರವಾರ ಅಂದ್ಯಾ?

ಶುಕ್ರವಾರವೇ ಪ್ರೋಗ್ರಾಮಿನ ಇನ್ನೊಂದು ಮೂಲೆಯಲ್ಲಿ, ಸ್ವಲ್ಪ ಜಾಗವನ್ನಷ್ಟೇ ತಿರುಗಿ ಕೊಡುವ ಇಂಥದೇ ಸಾಲು ಬರೆದು ಅದನ್ನೂ ಮರೆತಿದ್ದ. ಕೊಟ್ಟ ಜಾಗವನ್ನೇ ಮತ್ತೆ ಕೊಡಲು ಹೋಗಿ ಯಂತ್ರ ಕಂಗೆಟ್ಟಿತ್ತು. ಹಳೇ ಸಾಲು ಅಳಿಸಿದ. ಸೇತುವೆ ಒಂದು ತಾಸು ನಿಲ್ಲದೆ ಓಡಿತು. ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಹೆಂಡತಿಯ ಮೇಲೆ ಅವನಿಗೆ ಎಂದಿಲ್ಲದ ಅಭಿಮಾನ ಬಂತು.

ಶಾಂತಲಿಂಗಪ್ಪ: ನನ್ನ ಹೆಸರಿನ ಜೋಡಿ ನಿಂದೂ ಬರೀತೇನಿ. ಜಗತ್ತೆಲ್ಲಾ ಹೋಗ್ತದ.

ಸುಭದ್ರಾಬಾಯಿ: ಯಾರು ಓದ್ತಾರ್ರಿ ಅದನ್ನ?

ಶಾಂತಲಿಂಗಪ್ಪ: ಸೇತುವಿ ಮತ್ತ ಕೆಟ್ಟಾಗ, ಯಾರು ಮಾಡ್ಯಾರಂತ ತಗದು ನೋಡ್ತಾರ.

ಸುಭದ್ರಾಬಾಯಿ: ಅಂದ್ರ ಬೈಯಾಕ ಬರ್ಕೊಂತಾರ. ನಂದು ಬ್ಯಾಡ್ರಿ, ನಿಮ್ಮದ ಇರ್ಲಿ. ನಿಮಗ ರೂಢಿ ಅದ.